ಹಾಲ್ ಟಿಕೆಟ್ಟಿನ ಇಂಗ್ಲಿಷು

– ದೊಡ್ಡಪ್ಪ, ನಿಮ್ಮ ದೆಸೆಯಿಂದ ನನ್ನ ಅಪ್ಲಿಕೇಷನ್ನೇ ಎಡವಟ್ಟಾಗೋದರಲ್ಲಿತ್ತು.

– ನಾನೇನಮ್ಮ ಮಾಡಿದೆ?

– ಅಮೆರಿಕದ ಯೂನಿವರ್ಸಿಟಿಗೆ ಕಳಿಸೋ ಎಸ್‌ಓಪಿಯಲ್ಲಿ, ಅದೇ ಸ್ಟೇಟ್‌ಮೆಂಟ್ ಆಫ್ ಪರ್ಪಸ್ಸಿನಲ್ಲಿ, ನಿಮ್ಮ ಬಗ್ಗೆ ಒಂದು ಸಾಲು ಬರೆದಿದ್ದೆ. ನಮ್ಮ ದೊಡ್ಡಪ್ಪ ಗವರ್ನಮೆಂಟ್ ಫಸ್ಟ್ ಗ್ರೇಡ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು, ನನಗೆ ಓದಿನ ರುಚಿ ಹತ್ತಿಸಿದ್ದು ಅವರು ಅಂತ. ಅಮೆರಿಕದಲ್ಲಿರೋ ನಮ್ಮ ಸೀನಿಯರ್ ಒಬ್ಬ ಡ್ರಾಫ್ಟ್ ನೋಡಿ ಬಿದ್ದು ಬಿದ್ದು ನಕ್ಕ. 'ಇಲ್ಲಿ ಫಸ್ಟ್ ಗ್ರೇಡ್ ಅಂದ್ರೆ ಒಂದನೇ ಕ್ಲಾಸು. ನಿಮ್ಮ ದೊಡ್ಡಪ್ಪ ಆರು ವರ್ಷದ ಮಕ್ಕಳಿಗೆ ಎ ಫಾರ್ ಆಪಲ್ ಹೇಳಿಕೊಡ್ತಿದ್ರು ಅಂತ ಓದ್ಕೋತಾರೆ' ಅಂದ.

– ಅದರಲ್ಲಿ ಪೂರ್ತಿ ಸುಳ್ಳೇನಿಲ್ಲ ಬಿಡು. ಬಿ.ಎ. ಮೊದಲ ವರ್ಷದವರಿಗೆ ಎ, ಆ್ಯನ್, ದಿ ಹೇಳಿಕೊಟ್ಟೇ ನನ್ನ ಸರ್ವೀಸು ಮುಗೀತು. ಆದ್ರೆ ಆ ಬೋರ್ಡಿಗೊಂದು ಚರಿತ್ರೆ ಇದೆ. ಮದ್ರಾಸ್ ವಿಶ್ವವಿದ್ಯಾಲಯದ ಕಾಲದಲ್ಲಿ ಕಾಲೇಜುಗಳಲ್ಲಿ ಎರಡು ದರ್ಜೆ. ಎಫ್.ಎ. ತನಕ ಓದಿಸಿ ನಿಲ್ಲಿಸೋದು ಸೆಕೆಂಡ್ ಗ್ರೇಡ್, ಬಿ.ಎ. ತನಕ ಕರ್ಕೊಂಡು ಹೋಗೋದು ಫಸ್ಟ್ ಗ್ರೇಡ್. ಎಫ್.ಎ. ಹೋಗಿ ಇಂಟರ್‌ಮೀಡಿಯೆಟ್ ಬಂತು, ಅದೂ ಹೋಗಿ ಪಿಯುಸಿ ಬಂತು. ಸೆಕೆಂಡ್ ಗ್ರೇಡ್ ಕಾಲೇಜು ಅನ್ನೋದನ್ನ ಈಗ ಯಾರೂ ಕೇಳಿರಲ್ಲ. ಎರಡನೆಯದಿಲ್ಲದ ಒಂದನೆಯದು ಮಾತ್ರ ತಾಲೂಕು ತಾಲೂಕಿನಲ್ಲೂ ಬೋರ್ಡು ಹಾಕ್ಕೊಂಡು ಕೂತಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜು.

– ನನಗೆ ಬೇಜಾರಾಗಿದ್ದು ಅದೊಂದಕ್ಕೇ ಅಲ್ಲ. ಎಲ್‌ಕೆಜಿಯಿಂದ ಬಿ.ಇ. ತನಕ ಇಂಗ್ಲಿಷ್ ಮೀಡಿಯಮ್ಮು. ಸ್ಕೂಲು, ಕಾಲೇಜಿನ ವಿಷಯ ಮಾತಾಡೋಕೆ ನನಗೆ ಬರೋದೇ ಇಂಗ್ಲಿಷ್ ಪದಗಳು. ಅಮ್ಮನ ಹತ್ರ ಕನ್ನಡದಲ್ಲಿ ಮಾತಾಡಿದ್ರೂ ಹಾಲ್ ಟಿಕೆಟ್ಟು, ಇಂಟರ್ನಲ್ಸು, ಮಾರ್ಕ್ಸ್ ಕಾರ್ಡು. ಈಗ ನೋಡಿದ್ರೆ ಅವು ಯಾವುವೂ ಅಲ್ಲಿ ನಡೆಯಲ್ಲ.

– ಮಾರ್ಕ್ಸ್ ಕಾರ್ಡ್ ಅಮೆರಿಕ ಹಾಗಿರಲಿ, ದೆಹಲೀಲೇ ನಡೆಯಲ್ಲ. ಅಲ್ಲಿ ಮಾರ್ಕ್‌ಶೀಟ್. ಹಾಲ್ ಟಿಕೆಟ್ಟಿಗೆ ಅಡ್ಮಿಟ್ ಕಾರ್ಡ್. ಇಂಗ್ಲಿಷು ಒಂದೇ ಅಂದ್ಕೊಂಡು ಹೊರಟವರಿಗೆಲ್ಲ ಆಗೋದು ಇದೇ. ನೀನು ಹದಿನಾರು ವರ್ಷಕ್ಕೆ ಕಾಲೇಜು ಸೇರಿದೆ ಅಂತ ಅಲ್ಲಿ ಹೇಳಿ ನೋಡು, ಬಾಲಪ್ರತಿಭೆ ಅಂದ್ಕೋತಾರೆ. ಪಿಯುಸಿಗೆ ಕಾಲೇಜು ಅನ್ನೋದು ನಮ್ಮ ಪದ್ಧತಿ. ಅವರಿಗೆ ಅದಿನ್ನೂ ಹೈಸ್ಕೂಲು.

– ಗ್ರಾಜುಯೇಟ್ ಕೂಡ ಹಾಗೇ. ನಾನು ಬಿ.ಇ. ಮುಗಿಸಿದ್ದೀನಿ, ಗ್ರಾಜುಯೇಟ್ ಅಂತ ಬೀಗ್ತಿದ್ದೆ. ಅಲ್ಲಿ ಗ್ರಾಜುಯೇಟ್ ಸ್ಟೂಡೆಂಟ್ ಅಂದ್ರೆ ನಮ್ಮ ಪಿ.ಜಿ. ವಿದ್ಯಾರ್ಥಿ. ಪಾಸ್ ಔಟ್ ಅಂತೂ ಕೇಳಲೇಬೇಡಿ. ರೆಸ್ಯೂಮೆಯಲ್ಲಿ ಪಾಸ್ಡ್ ಔಟ್ ಅಂತ ಬರ್ಕೊಂಡಿದ್ದೆ, ಪ್ರಜ್ಞೆ ತಪ್ಪಿ ಬಿದ್ದೆ ಅಂತ ಅರ್ಥವಂತೆ.

– ಪಾಸಿಂಗ್ ಔಟ್ ಪರೇಡು ಸೈನ್ಯದ್ದು. ತರಬೇತಿ ಮುಗಿಸಿ ಮೈದಾನದಿಂದ ಸಾಲಾಗಿ ಹೊರಗೆ ನಡೆಯೋದು. ಆ ಮಾತು ದಂಡಿನಿಂದ ನಮ್ಮ ಕಾಲೇಜಿಗೆ ಬಂತು, ಅವರ ಕಾಲೇಜಿಗೆ ಹೋಗಲಿಲ್ಲ. ಇದಕ್ಕಿಂತ ವಿಚಿತ್ರವಾದದ್ದು ಮೆಟ್ರಿಕ್ಯುಲೇಷನ್. ನಿಮ್ಮ ತಾತ ಅರ್ಜಿ ಬರೆದ್ರೆ ಸಹಿಯ ಕೆಳಗೆ 'ಮೆಟ್ರಿಕ್ ಪಾಸು' ಅಂತ ಬರೆಯೋರು. ಆಕ್ಸ್‌ಫರ್ಡಿನಲ್ಲಿ ಮೆಟ್ರಿಕ್ಯುಲೇಷನ್ ಅಂದ್ರೆ ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳೋ ಸಮಾರಂಭ. ಕಪ್ಪು ಗೌನು ಹಾಕ್ಕೊಂಡು ಹೋಗಿ, ವಿಶ್ವವಿದ್ಯಾಲಯದವನಾಗಿ ಬರೋದು. ಅದರಲ್ಲಿ ಪಾಸು, ಫೇಲು ಏನಿಲ್ಲ. ನಮ್ಮಲ್ಲಿ ಸೇರೋಕೆ ಮುಂಚೆ ಒಂದು ಪರೀಕ್ಷೆ ಇಟ್ಟು ಅದಕ್ಕೂ ಅದೇ ಹೆಸರು ಕೊಟ್ಟರು. ಸೇರೋದು ಜನಕ್ಕೆ ಮರೆತುಹೋಯ್ತು, ಪರೀಕ್ಷೆ ನೆನಪಿನಲ್ಲಿ ಉಳೀತು.

– ಆಮೇಲೆ ಆ ಪರೀಕ್ಷೆಯೂ ಹೋಗಿ ಎಸ್ಸೆಸ್ಸೆಲ್ಸಿ ಬಂತಲ್ಲ?

– ಪರೀಕ್ಷೆ ಹೋಯ್ತು, ಹಾಸ್ಟೆಲ್ ಉಳೀತು. ಯಾವ ಜಿಲ್ಲಾ ಕೇಂದ್ರಕ್ಕಾದರೂ ಹೋಗು, 'ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯ' ಅಂತ ಬೋರ್ಡು ಇರುತ್ತೆ. ಒಳಗಿರೋ ಹುಡುಗಿ ಮೆಟ್ರಿಕ್ ಪರೀಕ್ಷೆ ಕಂಡವಳಲ್ಲ, ಅವಳ ಅಮ್ಮನೂ ಕಂಡವಳಲ್ಲ. ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಪ್ರೀ ಮೆಟ್ರಿಕ್ಕೋ ಪೋಸ್ಟ್ ಮೆಟ್ರಿಕ್ಕೋ ಅಂತ ಕೇಳ್ತಾರೆ, ಗುರುತು ಹಾಕ್ತಾಳೆ.

– ಪದಗಳು ಹೀಗೆ ದಾರಿ ತಪ್ಪೋದು ಎಲ್ಲ ಭಾಷೇಲೂ ಇರೋದೇ ಅಲ್ವಾ ದೊಡ್ಡಪ್ಪ? ಇದರಲ್ಲೇನು ವಿಶೇಷ?

– ದಾರಿ ತಪ್ಪಿಲ್ಲ ಕಣೇ, ಎಲ್ಲವೂ ಒಂದೇ ದಾರಿ ಹಿಡಿದಿವೆ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸಿನಲ್ಲಿ ವಿಶ್ವವಿದ್ಯಾಲಯ ಶುರುಮಾಡಿದರಲ್ಲ, ಅವಕ್ಕೆ ಮಾದರಿ ಆಕ್ಸ್‌ಫರ್ಡೂ ಅಲ್ಲ, ಕೇಂಬ್ರಿಜ್ಜೂ ಅಲ್ಲ. ಲಂಡನ್ ವಿಶ್ವವಿದ್ಯಾಲಯ. 1836ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯ ಆಗ ಪಾಠ ಮಾಡ್ತಿರಲಿಲ್ಲ. ಯೂನಿವರ್ಸಿಟಿ ಕಾಲೇಜು, ಕಿಂಗ್ಸ್ ಕಾಲೇಜಿನವರು ಪಾಠ ಮಾಡೋರು, ಇದು ಪರೀಕ್ಷೆ ಮಾಡಿ ಪದವಿ ಕೊಡೋದು. ಅದೇ ಏರ್ಪಾಡು ಇಲ್ಲಿಗೂ ಬಂತು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಪಾಠ ಮಾಡೋವು, ಪರೀಕ್ಷೆ ಮದ್ರಾಸಿನದು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾಲಯ ಸ್ಥಾಪಿಸೋ ತನಕ ಹಾಗೇ. ಧಾರವಾಡದವರಿಗೆ ಬೊಂಬಾಯಿ. ಹುಡುಗನಿಗೆ ವಿಶ್ವವಿದ್ಯಾಲಯ ಅನ್ನೋದು ಅನುಭವಕ್ಕೆ ಬರ್ತಿದ್ದಿದ್ದೇ ಪರೀಕ್ಷೆಯ ದಿನ. ಅವನ ಇಂಗ್ಲಿಷು ಇನ್ನೆಲ್ಲಿ ಬೆಳೆಯಬೇಕು?

– ನನ್ನ ಯೂನಿವರ್ಸಿಟಿ ಬೆಳಗಾವಿಯಲ್ಲಿದೆ. ನಾಲ್ಕು ವರ್ಷ ಓದಿದ್ದು ಬೆಂಗಳೂರಲ್ಲಿ. ಬೆಳಗಾವಿಗೆ ನಾನು ಕಾಲೇ ಇಟ್ಟಿಲ್ಲ, ಮಾರ್ಕ್ಸ್ ಕಾರ್ಡಿನ ಮೇಲೆ ಆ ಊರಿನ ಹೆಸರು ಓದಿದ್ದು ಅಷ್ಟೇ.

– ಸಾಕ್ಷಿ ನೀನೇ ಹೇಳಿದೆ. ಈಗ ಹೇಳು, ಪರೀಕ್ಷೆಯ ಸುತ್ತ ನಿನ್ನ ಹತ್ರ ಎಷ್ಟು ಪದ ಇವೆ?

– ಇಂಟರ್ನಲ್ಸ್, ಎಕ್ಸ್‌ಟರ್ನಲ್ಸ್, ವೈವಾ, ಬ್ಯಾಕ್‌ಲಾಗ್, ಇಯರ್ ಬ್ಯಾಕ್, ಕ್ಯಾರಿ ಓವರ್, ರೀವ್ಯಾಲ್ಯುಯೇಷನ್, ರೀಟೋಟಲಿಂಗ್, ಗ್ರೇಸ್ ಮಾರ್ಕ್ಸ್, ಅಟೆಂಡೆನ್ಸ್ ಶಾರ್ಟೇಜ್, ಡೀಟೇನ್, ಡಿಬಾರ್, ಸ್ಕ್ವಾಡು, ಅಡಿಷನಲ್ ಶೀಟು, ಕ್ವೆಶ್ಚನ್ ಬ್ಯಾಂಕು, ಐಎಂಪಿ...

– ಉಸಿರು ತಗೋ. ಎಸ್ಸೆಸ್ಸೆಲ್ಸಿಯವರ ಪಾಸಿಂಗ್ ಪ್ಯಾಕೇಜ್ ಬಿಟ್ಟೆ. ಸಪ್ಲಿಮೆಂಟರಿಯನ್ನ ಈಗ ಯಾರೂ ಹೇಳೋ ಹಾಗಿಲ್ಲ. 2024ರಲ್ಲಿ ಅದನ್ನ ತೆಗೆದು ಪರೀಕ್ಷೆ 1, ಪರೀಕ್ಷೆ 2, ಪರೀಕ್ಷೆ 3 ಅಂತ ಮಾಡಿದರು. ಫೇಲಾದವರ ಪರೀಕ್ಷೆ ಅನ್ನೋ ಹಣೆಪಟ್ಟಿ ತಪ್ಪಿತಲ್ಲ, ಸರ್ಕಾರ ಮಾಡಿದ ಒಳ್ಳೇ ಕೆಲಸಗಳಲ್ಲಿ ಅದೊಂದು ಅಂತ ನನ್ನ ಎಣಿಕೆ. ಇರಲಿ. ಈಗ ಮೇಷ್ಟ್ರ ಜೊತೆ ಮಾತಾಡೋಕೆ ಎಷ್ಟು ಪದ ಇವೆ, ಅದನ್ನ ಹೇಳು.

– 'ಸರ್, ಡೌಟು.' 'ಸರ್, ಪೋರ್ಷನ್ ಎಲ್ಲಿ ತನಕ?' 'ಸರ್, ಸೈನು.'

– ನಾನು ಹೇಳೋಕೆ ಹೊರಟಿದ್ದು ಇಷ್ಟೇ. ನಮ್ಮ ಕಾಲೇಜಿನ ಇಂಗ್ಲಿಷು ಪರೀಕ್ಷಾ ಕೊಠಡಿಯಲ್ಲಿ ಹುಟ್ಟಿ, ಆಫೀಸಿನ ಕಿಟಕಿಯ ಮುಂದೆ ಬೆಳೆದಿದ್ದು. ಕ್ಲಾಸಿನ ಒಳಗೆ ಅದಕ್ಕೆ ಹೆಚ್ಚು ಕೆಲಸ ಇರಲಿಲ್ಲ. ನೀನು ಪೋರ್ಷನ್ ಅಂದೆಯಲ್ಲ, ಅಲ್ಲಿ ಹಾಗಂದ್ರೆ ಹೋಟೆಲಿನ ತಟ್ಟೆಗೆ ಬಡಿಸೋ ಅಳತೆ. ನಮಗೆ ಅದು ಪರೀಕ್ಷೆಗೆ ಬರೋ ಪಾಲು. ಪೇಪರ್ ನೋಡು. 'ಎರಡು ಪೇಪರ್ ಉಳ್ಕೊಂಡಿದೆ' ಅಂದ್ರೆ ಇಲ್ಲಿ ಎರಡು ವಿಷಯ ಹೊಡೆದುಕೊಂಡಿದೆ ಅಂತ. ಅಲ್ಲಿ ಹಾಗಂದ್ರೆ, ಲೈಬ್ರರಿಯಲ್ಲಿ ಕೂತು ಬರೆಯಬೇಕಾದ ಎರಡು ಪ್ರಬಂಧ ಬಾಕಿ ಅಂತ. ಓದೋ ವಿಷಯಕ್ಕೇ ಪ್ರಶ್ನೆಪತ್ರಿಕೆಯ ಹೆಸರಿಟ್ಟವರು ನಾವು. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಶೇಕ್ಸ್‌ಪಿಯರನ್ನ ಯಾರೂ ಹೆಸರು ಹಿಡಿದು ಕರೀತಿರಲಿಲ್ಲ. 'ಥರ್ಡ್ ಪೇಪರ್ ಯಾರು ತಗೋತಾರೆ ಈ ಸಲ?' ಅಂತಿದ್ರು ನಮ್ಮ ಹೆಚ್‌ಓಡಿ.

– ಸಿಲಬಸ್ ಅಂದ್ರೆ ಅಲ್ಲಿ ಏನು? ಅದೂ ಇಮೇಲಿನಲ್ಲಿ ಬಂದಿದೆ, ಒಂದೊಂದು ಕೋರ್ಸಿಗೂ ಒಂದೊಂದು.

– ಪಾಠ ಮಾಡೋ ಮೇಷ್ಟ್ರೇ ಬರೆದಿರೋದು ಅದು. ಯಾವ ವಾರ ಏನು ಓದಬೇಕು, ಯಾವುದಕ್ಕೆ ಎಷ್ಟು ಅಂಕ, ತಡವಾಗಿ ಕೊಟ್ಟರೆ ಏನು ಕಳೀತಾರೆ, ಎಲ್ಲ ಇರುತ್ತೆ. ಓದಿ ಇಟ್ಟುಕೋ, ಆಮೇಲೆ ನನಗೆ ಗೊತ್ತಿರಲಿಲ್ಲ ಅಂದ್ರೆ ಯಾರೂ ಕೇಳಲ್ಲ. ನಮ್ಮ ಸಿಲಬಸ್ ಬೋರ್ಡ್ ಆಫ್ ಸ್ಟಡೀಸಿನಿಂದ ಬರೋದು, ಕಾಲೇಜಿನ ಮೇಷ್ಟ್ರಿಗೂ ಅದರ ಮೇಲೆ ಹಕ್ಕಿಲ್ಲ. ಅದಕ್ಕೇ ನಮ್ಮಲ್ಲಿ 'ಔಟ್ ಆಫ್ ಸಿಲಬಸ್' ಅನ್ನೋದು ಯುದ್ಧಘೋಷ. ಹೊರಗಿನಿಂದ ಒಂದು ಪ್ರಶ್ನೆ ಬಂತೋ, ಪ್ರತಿಭಟನೆ, ಮನವಿ, ಆಮೇಲೆ ಎಲ್ಲರಿಗೂ ಗ್ರೇಸ್ ಮಾರ್ಕ್ಸು. ಅಲ್ಲಿ ಸಿಲಬಸ್ಸಿನ ಹೊರಗಿನದನ್ನ ಓದ್ಕೊಂಡು ಬಂದವನ ಕಡೆಗೇ ಮೇಷ್ಟ್ರು ತಿರುಗಿ ಮಾತಾಡ್ತಾರೆ.

– ಕಾಪಿ ಹೊಡೆಯೋದಕ್ಕೆ ಏನಂತಾರೆ? ನಮ್ಮಲ್ಲಿ ಮಾಲ್‌ಪ್ರಾಕ್ಟೀಸ್ ಬುಕ್ ಆಯ್ತು ಅಂತೀವಿ.

– ಅಲ್ಲಿ ಮಾಲ್‌ಪ್ರಾಕ್ಟೀಸ್ ಅಂದ್ರೆ ಸಾಮಾನ್ಯವಾಗಿ ಡಾಕ್ಟರೋ ಲಾಯರೋ ಕೆಲಸದಲ್ಲಿ ಎಡವಿ ಕೋರ್ಟಿಗೆ ಹೋಗೋದು. ವಿದ್ಯಾರ್ಥಿ ಮಾಡೋದು ಚೀಟಿಂಗ್, ಪ್ಲೇಜರಿಸಂ. ಒಟ್ಟಿಗೆ ಅಕಡೆಮಿಕ್ ಮಿಸ್‌ಕಾಂಡಕ್ಟ್. ಇದು ಬರೀ ಹೆಸರಿನ ಮಾತಲ್ಲ, ಕಿವಿಗೊಟ್ಟು ಕೇಳು. ನಮ್ಮಲ್ಲಿ ಕಾಪಿ ಅಂದ್ರೆ ಪರೀಕ್ಷೆಯ ಮೂರು ಗಂಟೆಯೊಳಗೆ ನಡೆಯೋ ಅಪರಾಧ. ಅಸೈನ್‌ಮೆಂಟನ್ನ ಒಬ್ಬಳು ಬರೆದು ಅರವತ್ತು ಜನ ಇಳಿಸಿಕೊಳ್ಳೋದು ಸ್ನೇಹ. ಅಲ್ಲಿ ಆ ಸ್ನೇಹಕ್ಕೂ ವಿಚಾರಣೆ ನಡೆಸ್ತಾರೆ, ಕೊಟ್ಟವಳಿಗೂ ತಗೊಂಡವಳಿಗೂ. ಮೊದಲ ಸೆಮಿಸ್ಟರಿನಲ್ಲಿ ನಮ್ಮ ಮಕ್ಕಳು ಸಿಕ್ಕಿಬೀಳೋದು ಇದರಲ್ಲೇ.

– ಹಾಗಿದ್ರೆ ನಮ್ಮದೆಲ್ಲ ತಪ್ಪು ಇಂಗ್ಲಿಷಾ?

– ಯಾರು ಹೇಳಿದ್ದು? ಹಾಲ್ ಟಿಕೆಟ್ ನೂರಕ್ಕೆ ನೂರು ಸರಿಯಾದ ಇಂಗ್ಲಿಷು, ಬೆಂಗಳೂರಿನದು. ಬ್ಯಾಚ್‌ಮೇಟ್‌ನಂಥ ಪದ ಅವರ ಹತ್ರ ಸುಲಭಕ್ಕೆ ಸಿಗಲ್ಲ. 'ಕ್ಲಾಸ್ ಆಫ್ 2025' ಅಂತ ಸುತ್ತಿ ಬಳಸಿ ಹೇಳಬೇಕು. ಇಂಥದ್ದೇ ಸರಿ ಅನ್ನೋಕೆ ಇಂಗ್ಲಿಷಿನ ತವರಲ್ಲೇ ಗೊಂದಲ ಕಮ್ಮಿ ಇಲ್ಲ. ಇಂಗ್ಲೆಂಡಿನಲ್ಲಿ ಪಬ್ಲಿಕ್ ಸ್ಕೂಲ್ ಅಂದ್ರೆ ಈಟನ್, ಹ್ಯಾರೋ. ಪಬ್ಲಿಕ್ಕಿಗೆ ಕೈಗೆಟುಕದಷ್ಟು ಫೀಸು. ಇಂಥ ಏಳು ಶಾಲೆಗಳಿಗಾಗಿ 1868ರಲ್ಲಿ ಪಬ್ಲಿಕ್ ಸ್ಕೂಲ್ಸ್ ಆಕ್ಟ್ ಅಂತ ಕಾಯ್ದೆನೇ ಬಂತು. ಊರು, ಕುಲಕಸಬು ಕೇಳದೆ ದುಡ್ಡು ಕೊಟ್ಟ ಯಾರ ಮಗನನ್ನಾದರೂ ಸೇರಿಸಿಕೊಳ್ತಿದ್ರು ಅಂತ ಪಬ್ಲಿಕ್. ಅಮೆರಿಕದಲ್ಲಿ ಪಬ್ಲಿಕ್ ಸ್ಕೂಲ್ ಅಂದ್ರೆ ಫೀಸಿಲ್ಲದ ಸರ್ಕಾರಿ ಶಾಲೆ.

– ನಮ್ಮಲ್ಲಿ ಎರಡೂ ಇದೆ! ನಮ್ಮ ಲೇಔಟಿನಲ್ಲಿ ಇರೋ ಪಬ್ಲಿಕ್ ಸ್ಕೂಲಿಗೆ ಡೊನೇಷನ್ ಕೊಟ್ಟು ಅಪ್ಪ ಸುಸ್ತಾದ್ರು. ಅಜ್ಜಿಯ ಊರಿನಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ, ಎಲ್‌ಕೆಜಿಯಿಂದ ಪಿಯುಸಿ ತನಕ ಸರ್ಕಾರದ್ದೇ.

– ಈಟನ್ನೂ ಅಮೆರಿಕವೂ ಒಂದೇ ಹೋಬಳಿಯಲ್ಲಿ ಸಿಗೋದು ನಮ್ಮ ಭಾಗ್ಯ.

– ಅಜ್ಜಿ ಅಂದಾಗ ನೆನಪಾಯ್ತು. ಟ್ಯೂಷನ್ ವೇವರ್ ಸಿಕ್ತು ಅಂತ ಕುಣಿದಾಡಿದೆ. ಅಜ್ಜಿ ಬೇಜಾರು ಮಾಡ್ಕೊಂಡು, 'ಅಷ್ಟು ದೂರ ಹೋಗಿಯೂ ಟ್ಯೂಷನ್‌ಗೆ ಹೋಗಬೇಕೇನೇ? ಅಲ್ಲಿನ ಮೇಷ್ಟ್ರೂ ಕ್ಲಾಸಲ್ಲಿ ಸರಿಯಾಗಿ ಪಾಠ ಮಾಡಲ್ವಾ?' ಅಂದ್ರು.

– ಅವರ ಪ್ರಶ್ನೆ ನ್ಯಾಯವಾದದ್ದೇ. ಟ್ಯೂಷನ್ ಅಂದ್ರೆ ಪಾಠ ಹೇಳೋದು, ಅದಕ್ಕೆ ಕೊಡೋ ಫೀಸು. ನಮ್ಮಲ್ಲಿ ಕ್ಲಾಸಿನೊಳಗೆ ನಡೆಯೋದಕ್ಕೆ ಆ ಹೆಸರು ಉಳಿಯದೆ, ಸಂಜೆ ಮೇಷ್ಟ್ರ ಮನೆ ಜಗಲಿಯಲ್ಲಿ ನಡೆಯೋದಕ್ಕೆ ಉಳೀತು ಅಂದ್ರೆ ಅದರ ಅರ್ಥ ನೀನೇ ಮಾಡ್ಕೋ.

– ನನ್ನ ಗೆಳತಿ ಹೋದ ವರ್ಷ ಇಂಗ್ಲೆಂಡಿಗೆ ಹೋದಳು, ಎಂ.ಎಸ್ಸಿ. ಮಾಡೋಕೆ. ಕ್ಯಾಂಪಸ್ಸಿನಲ್ಲಿ ಒಂದು ದಿನ ದೊಡ್ಡ ಪೋಸ್ಟರ್: ರ‍್ಯಾಗ್ ವೀಕ್, ಎಲ್ಲರೂ ಬನ್ನಿ. ಆ ಸಂಜೆ ರೂಮಿನ ಬಾಗಿಲು ಹಾಕ್ಕೊಂಡು ಕೂತಳಂತೆ.

– ಪಾಪ. ಅದು ದಾನಧರ್ಮಕ್ಕೆ ದುಡ್ಡು ಎತ್ತೋ ವಾರ. ವೇಷ ಹಾಕಿ, ಡಬ್ಬಿ ಹಿಡಿದು ಚಂದಾ ಕೇಳ್ತಾರೆ. ನಮ್ಮ ರ‍್ಯಾಗಿಂಗಿಗೆ ಅಮೆರಿಕದವರು ಹೇಜಿಂಗ್ ಅಂತಾರೆ. ನಮ್ಮಲ್ಲಿ ಆ ಪದಕ್ಕೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ಜಾಗ ಕೊಟ್ಟು ನಿಷೇಧಿಸಿದ್ದಾರೆ.

– ಇನ್ನೊಂದು ದಿನ ಅಳ್ತಾ ಫೋನ್ ಮಾಡಿದ್ಲು. ಮೊದಲ ಅಸೈನ್‌ಮೆಂಟಿಗೆ 68 ಬಂತು, ಮನೆಯಲ್ಲಿ ಏನು ಹೇಳಲಿ ಅಂತ. ಪಿಯುಸಿಯಲ್ಲಿ ಗಣಿತಕ್ಕೆ 99 ತಗೊಂಡಿದ್ದಕ್ಕೆ ಆ ಒಂದು ಎಲ್ಲಿ ಹೋಯ್ತು ಅಂತ ಕೇಳಿದ ಮನೆ ಅದು. ಈ ಕಡೆ ಪಕ್ಕದ ರೂಮಿನ ಇಂಗ್ಲಿಷ್ ಹುಡುಗಿ 64 ಬಂತು ಅಂತ ಕುಣೀತಿದ್ದಾಳೆ.

– ಅಲ್ಲಿ ಎಂ.ಎಸ್ಸಿ.ಗೆ 60ರ ಮೇಲೆ ಮೆರಿಟ್, 70 ದಾಟಿದರೆ ಡಿಸ್ಟಿಂಕ್ಷನ್. ಬಿ.ಎ., ಬಿ.ಎಸ್ಸಿ.ಯಲ್ಲಿ 70ಕ್ಕೆ ಫಸ್ಟು, 60ರಿಂದ ಟೂ-ಒನ್, 50ರಿಂದ ಟೂ-ಟೂ. ಈ ಟೂ-ಟೂಗೆ ಹುಡುಗರು ಇಟ್ಟಿರೋ ಅಡ್ಡಹೆಸರು ಡೆಸ್ಮಂಡ್. ದಕ್ಷಿಣ ಆಫ್ರಿಕದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಇದ್ದರಲ್ಲ, ಅವರ ಹೆಸರು. ನಮ್ಮ ಹುಡುಗರ ಡುಮ್ಕಿಗಿಂತ ಒಂದು ಕೈ ಮೇಲೆ.

– ಅವರಿಗೂ ಹಾಗಿದ್ರೆ ಪರೀಕ್ಷೆಯ ಹುಚ್ಚು ಇದೆ ಅಂದ ಹಾಗಾಯ್ತು.

– ಇಲ್ಲದೆ ಏನು? ಕೇಂಬ್ರಿಜ್ಜಿನ ಗಣಿತದ ಪರೀಕ್ಷೆಗಿಂತ ದೊಡ್ಡ ಹುಚ್ಚು ನಮ್ಮ ಸಿಇಟಿಯಲ್ಲೂ ಇಲ್ಲ. ಅಲ್ಲಿ ಗಣಿತದ ಟ್ರೈಪಾಸಿನಲ್ಲಿ ಮೊದಲ ದರ್ಜೆ ಬಂದವನು ರ‍್ಯಾಂಗ್ಲರ್. ಮೊದಲನೆಯವನು ಸೀನಿಯರ್ ರ‍್ಯಾಂಗ್ಲರ್. ಪಾಸಾದವರಲ್ಲಿ ಕಟ್ಟಕಡೆಯವನಿಗೆ ಗೆಳೆಯರೆಲ್ಲ ಸೇರಿ ಒಂದು ಮರದ ಸೌಟು ಕೊಡ್ತಿದ್ರು. 1909ರ ತನಕ ನಡೀತು ಆ ತಮಾಷೆ. ಆಮೇಲೆ ಅಂಕಗಳ ಕ್ರಮದಲ್ಲಿ ಹೆಸರು ಪ್ರಕಟಿಸೋದನ್ನೇ ನಿಲ್ಲಿಸಿದರು. ಆದ್ರೆ ರ‍್ಯಾಂಗ್ಲರ್ ಅನ್ನೋ ಬಿರುದು ಪರೀಕ್ಷೆಯದ್ದಲ್ಲ ನೋಡು. ರ‍್ಯಾಂಗಲ್ ಅಂದ್ರೆ ವಾದ ಮಾಡೋದು, ಜಗ್ಗಾಡೋದು. ಮೊದಲು ಕೇಂಬ್ರಿಜ್ಜಿನಲ್ಲಿ ಪದವಿ ಬೇಕಾದವನು ನಿಂತು ವಾದ ಮಾಡಿ ಗೆಲ್ಲಬೇಕಿತ್ತು. ಉತ್ತರಪತ್ರಿಕೆ ಬಂದದ್ದು ಆಮೇಲೆ.

– ನಾನು ರ‍್ಯಾಂಗ್ಲರ್ ಅಂದ್ರೆ ಜೀನ್ಸು ಅಂದ್ಕೊಂಡಿದ್ದೆ.

– ಧಾರವಾಡದಲ್ಲಿ ಹಾಗೆ ಹೇಳಬೇಡ, ಹೊರಗೆ ಕಳಿಸ್ತಾರೆ. ಗೋಕಾಕದ ಕಡೆಯ ಡಿ.ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ರ‍್ಯಾಂಗ್ಲರ್ ಆಗಿ ಬಂದವರು. 1954ರಿಂದ 1967ರ ತನಕ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು, ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಇಷ್ಟಾದರೂ ಆ ಕಡೆಯ ಜನಕ್ಕೆ ಅವರು ರ‍್ಯಾಂಗ್ಲರ್ ಪಾವಟೆ. ಗಣಿತ ಗೊತ್ತಿಲ್ಲದವರೂ ಆ ಬಿರುದನ್ನ ಮನೆತನದ ಹೆಸರಿನ ಹಾಗೆ ಹೇಳ್ತಾರೆ.

– ಇಂಥ ಹಳೇ ಮಾತು ಇನ್ನೇನಿವೆ ಅವರಲ್ಲಿ?

– ಬೇಕಾದಷ್ಟು. ಮಿಕೆಲ್ಮಸ್, ಹಿಲರಿ, ಟ್ರಿನಿಟಿ ಅಂದ್ರೆ ಆಕ್ಸ್‌ಫರ್ಡಿನ ಮೂರು ಟರ್ಮು. ಕೇಂಬ್ರಿಜ್ಜಿನವರು ಆಕ್ಸ್‌ಫರ್ಡಿನ ಹೆಸರು ಇಟ್ಟುಕೊಂಡಾರೇ? ಮೊದಲನೆಯದೊಂದು ಬಿಟ್ಟು ಲೆಂಟ್, ಈಸ್ಟರ್ ಅಂತ ಬೇರೆ ಇಟ್ಟುಕೊಂಡರು. ಇವು ನಿನಗೆ ಬೇಕಿಲ್ಲ. ರಸ್ಟಿಕೇಟ್ ಮಾತ್ರ ಗಮನಿಸು, ಅದು ನಮ್ಮಲ್ಲಿಗೂ ಬಂದಿದೆ. ತಪ್ಪು ಮಾಡಿದ ಹುಡುಗನನ್ನ ಕೆಲವು ಕಾಲ ವಿಶ್ವವಿದ್ಯಾಲಯದಿಂದ ಹಳ್ಳಿಗೆ ಅಟ್ಟೋದು. ಲ್ಯಾಟಿನ್ನಿನಲ್ಲಿ ಹಳ್ಳಿಗಾಡಿಗೆ ಇರೋ ಪದದಿಂದ ಬಂದಿದ್ದು. ನಮ್ಮ ಕಾಲೇಜಿನಲ್ಲಿ ಒಬ್ಬನನ್ನ ರಸ್ಟಿಕೇಟ್ ಮಾಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಅವನು ದಿನಾ ಹಳ್ಳಿಯಿಂದಲೇ ಬಸ್ಸಿನಲ್ಲಿ ಬರ್ತಿದ್ದ.

– ಕಾನ್ವೊಕೇಷನ್ ಹೇಗೆ? ಅದಾದರೂ ಎಲ್ಲ ಕಡೆ ಒಂದೇ ತಾನೆ?

– ಅಮೆರಿಕದ ಎಷ್ಟೋ ಕಡೆ ಕಾನ್ವೊಕೇಷನ್ ವರ್ಷದ ಆರಂಭಕ್ಕೆ ನಡೆಯುತ್ತೆ, ಹೊಸಬರನ್ನ ಕೂಡಿಸಿ ಸ್ವಾಗತ ಮಾಡೋಕೆ. ಪದವಿ ಕೊಡೋ ಸಮಾರಂಭಕ್ಕೆ ಕಮೆನ್ಸ್‌ಮೆಂಟ್ ಅಂತಾರೆ, ಅಂದ್ರೆ ಪ್ರಾರಂಭ. ಇದರಲ್ಲಿ ಮಾತ್ರ ನಮ್ಮ ಘಟಿಕೋತ್ಸವವೇ ಗೆಲ್ಲೋದು. ತಾಳಗುಂದದ ಶಾಸನದಲ್ಲಿ ಮಯೂರಶರ್ಮ ಗುರುವಿನ ಜೊತೆ ವೇದ ಓದೋಕೆ ಕಂಚಿಗೆ ಹೋಗ್ತಾನಲ್ಲ, ಅವನು ಹೋಗಿದ್ದು ಘಟಿಕೆಗೆ. ವಿದ್ಯಾಕೇಂದ್ರಕ್ಕೆ ಇದ್ದ ಹಳೇ ಹೆಸರು ಅದು. ಹಿಂದಿಯವರು ದೀಕ್ಷಾಂತ ಅಂತಾರೆ, ನಾವು ಘಟಿಕೋತ್ಸವ ಅಂತೀವಿ. ಕುವೆಂಪು ಮೈಸೂರಿನ ಸ್ನಾತಕೋತ್ತರ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟರು, ಈಗ ಆಟೋದವರೂ ಗಂಗೋತ್ರಿ ಅಂತಾರೆ. ಸಮಾರಂಭಕ್ಕೆ, ಜಾಗಕ್ಕೆ, ಹುದ್ದೆಗೆ ಕನ್ನಡ ಚೆನ್ನಾಗಿ ಒಗ್ಗಿತು. ಕುಲಪತಿ, ಕುಲಸಚಿವ, ಘಟಿಕೋತ್ಸವ. ಪರೀಕ್ಷೆಯ ಮಾತೇ ಬೇರೆ. 'ಪ್ರವೇಶ ಪತ್ರ ತಂದಿದ್ದೀಯಾ' ಅಂತ ಯಾವ ತಾಯಿ ಕೇಳ್ತಾಳೆ?

– ದೊಡ್ಡಪ್ಪ, ನಾನೊಂದು ಮಾತು ಹೇಳ್ಲಾ? ನೀವು ಹಾಲ್ ಟಿಕೆಟ್ಟನ್ನ ಬಹಳ ಹಗುರ ಮಾಡ್ತಿದ್ದೀರಿ.

– ಹೇಳಮ್ಮ.

– ಉತ್ತರಪತ್ರಿಕೆ ಮೇಲೆ ನನ್ನ ಹೆಸರು ಬರೆಯೋ ಹಾಗಿಲ್ಲ. ಯುಎಸ್‌ಎನ್ ಅನ್ನೋ ನಂಬರು ಮಾತ್ರ. ಮೌಲ್ಯಮಾಪನ ಮಾಡೋರಿಗೆ ಅದೂ ಕಾಣಲ್ಲ, ಬಾರ್‌ಕೋಡು ಅಷ್ಟೇ. ಅವರಿಗೆ ನಾನು ಯಾರ ಮಗಳು, ಯಾವ ಜಾತಿ, ಇಂಗ್ಲಿಷ್ ಹೇಗೆ ಮಾತಾಡ್ತೀನಿ ಅನ್ನೋದು ಗೊತ್ತಾಗಲ್ಲ. ಮೆಟ್ರಿಕ್ ನಂತರದ ಹಾಸ್ಟೆಲಿನ ಹುಡುಗಿಯ ಪತ್ರಿಕೆಯೂ ಹಾಗೇ ಹೋಗುತ್ತೆ. ಅಲ್ಲಿ ನೋಡಿ, ಎಲ್ಲದಕ್ಕೂ ರೆಕಮೆಂಡೇಷನ್ ಲೆಟರ್. ನಿನ್ನನ್ನ ಹತ್ತಿರದಿಂದ ಬಲ್ಲ ಮೂವರು ಪ್ರಾಧ್ಯಾಪಕರು ಬರೀಬೇಕು ಅಂತ. ಅರವತ್ತು ಜನರ ಕ್ಲಾಸಲ್ಲಿ ನನ್ನನ್ನ ಯಾರು ಬಲ್ಲರು? ನಾನು ಕೇಳಿದಾಗ ಒಬ್ಬ ಸರ್ ಹೇಳಿದ್ದು, 'ನೀನೇ ಬರ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ.' ನನ್ನನ್ನ ನಾನೇ ಹತ್ತಿರದಿಂದ ಬಲ್ಲೆ ಅಂತ ಮೂರು ಬೇರೆ ಬೇರೆ ಶೈಲಿಯಲ್ಲಿ ಬರೆದೆ.

– ಮೂರೂ ಒಂದೇ ಥರ ಇರಬಾರದಲ್ಲ.

– ನಗಬೇಡಿ. ಮಾತಾಡಿ ಗೆಲ್ಲೋದು ಮಾತು ಬಂದವರಿಗೆ ಸುಲಭ. ಮನೆಯಲ್ಲಿ ನಾಲ್ಕು ಜನ ಓದಿದವರಿದ್ದು, ಮೇಷ್ಟ್ರ ಎದುರು ಕಾಲಮೇಲೆ ಕಾಲು ಹಾಕ್ಕೊಂಡು ಕೂರೋ ಅಭ್ಯಾಸ ಇದ್ದವರಿಗೆ ಸುಲಭ. ನಂಬರಿನ ಹಿಂದೆ ಅಡಗಿ ಗೆದ್ದವರೂ ಇದ್ದಾರೆ.

– ಇದ್ದಾರೆ. ನಿಮ್ಮ ತಾತನೇ ಹಾಗೆ ಗೆದ್ದವರು. ಆ ಕಾಲದಲ್ಲಿ ಶಿಫಾರಸು ಪತ್ರ ಕೇಳಿದ್ದರೆ ಊರಿನ ಶ್ಯಾನುಭೋಗರು ಕೊಡ್ತಿರಲಿಲ್ಲ. ಒಪ್ಪಿದೆ. ಆದ್ರೆ ಪರೀಕ್ಷೆ ನಿನ್ನನ್ನ ಬಾಗಿಲು ದಾಟಿಸುತ್ತೆ. ಒಳಗೆ ಹೋದ ಮೇಲೆ ಬಾಯಿ ಬಿಡಲೇಬೇಕು, ಅದನ್ನ ನಾವು ಯಾರಿಗೂ ಕಲಿಸಲಿಲ್ಲ. ಆಫೀಸ್ ಅವರ್ಸ್ ಅಂದ್ರೆ ಏನಂದ್ಕೊಂಡಿದ್ದೀಯ?

– ಆಫೀಸ್ ತೆಗೆದಿರೋ ಹೊತ್ತು. ಹತ್ತರಿಂದ ಐದೂವರೆ. ಊಟಕ್ಕೆ ಹೋಗಿದ್ದಾರೆ, ಮೂರು ಗಂಟೆಗೆ ಬಾ.

– ಅಲ್ಲಿ ಹಾಗಲ್ಲ. ವಾರಕ್ಕೆ ಇಂತಿಷ್ಟು ಹೊತ್ತು ಅಂತ ಮೇಷ್ಟ್ರು ತಮ್ಮ ರೂಮಿನ ಬಾಗಿಲು ತೆಗೆದು ಕೂತಿರ್ತಾರೆ, ವಿದ್ಯಾರ್ಥಿ ಬಂದು ಮಾತಾಡಲಿ ಅಂತ. ಬೈಗುಳ ತಿನ್ನೋಕಲ್ಲ, ಸೈನ್ ಹಾಕಿಸಿಕೊಳ್ಳೋಕಲ್ಲ. ನಮ್ಮ ಮಕ್ಕಳು ಹೋಗೋದೇ ಇಲ್ಲವಂತೆ. ಸ್ಟಾಫ್ ರೂಮಿಗೆ ಕರೆಸಿದ್ರು ಅಂದ್ರೆ ಏನೋ ಗ್ರಹಚಾರ ಅನ್ನೋದು ನಮಗೆ ರಕ್ತದಲ್ಲಿ ಬಂದಿದೆ. ನೀನು ಹೋಗು. ಏನೂ ಇಲ್ಲದಿದ್ರೂ ಹೋಗಿ ಕೂತು ಬಾ. ಮುಂದೆ ಯಾವಳೋ ಒಬ್ಬಳಿಗೆ ನೀನು ಶಿಫಾರಸು ಬರೆಯೋ ಹೊತ್ತಿಗೆ, ಅವಳೇ ಬರ್ಕೊಂಡು ಬರೋ ಹಾಗಾಗದಿರಲಿ.

– ಹೋಗಿ ಏನನ್ನಲಿ? 'ಸರ್, ಐ ಹ್ಯಾವ್ ಎ ಡೌಟ್' ಅಂತಲಾ?

– ಅದೊಂದು ಬೇಡ. ಡೌಟ್ ಅಂದ್ರೆ ಅವರ ಕಿವಿಗೆ 'ನೀವು ಹೇಳಿದ್ದನ್ನ ನಾನು ನಂಬಲ್ಲ' ಅನ್ನೋ ಹಾಗೆ ಕೇಳುತ್ತೆ. ನಮ್ಮ ಡೌಟು ವಿನಯದ್ದು. ಪಾಠ ಚೆನ್ನಾಗೇ ಇತ್ತು ಸರ್, ನನ್ನ ತಲೆಗೇ ಹತ್ತಲಿಲ್ಲ ಅಂತ ತಪ್ಪು ನಮ್ಮ ಮೇಲೆ ಹಾಕ್ಕೊಂಡು ಕೇಳೋದು. ಅಲ್ಲಿ ಕ್ವೆಶ್ಚನ್ ಅನ್ನು, ಸಾಕು. ಮೈ ಗೈಡ್ ಅಂತಲೂ ಬೇಡ, ಬೇಲೂರು ದೇವಸ್ಥಾನ ತೋರಿಸೋರು ಅಂದ್ಕೋತಾರೆ. ಅಮೆರಿಕದಲ್ಲಿ ಅಡ್ವೈಸರ್, ಇಂಗ್ಲೆಂಡಿನಲ್ಲಿ ಸೂಪರ್‌ವೈಸರ್.

– ಸೂಪರ್‌ವೈಸರ್ ಅಂದ್ರೆ ನಮ್ಮಲ್ಲಿ ಪರೀಕ್ಷೆ ರೂಮಿನಲ್ಲಿ ನಿಂತಿರೋರು!

– ಅವರನ್ನ ಇಂಗ್ಲೆಂಡಿನಲ್ಲಿ ಇನ್ವಿಜಿಲೇಟರ್, ಅಮೆರಿಕದಲ್ಲಿ ಪ್ರಾಕ್ಟರ್ ಅಂತಾರೆ.

– ನಮ್ಮ ಕಾಲೇಜಿನಲ್ಲಿ ಪ್ರಾಕ್ಟರ್ ಅಂದ್ರೆ ಅಟೆಂಡೆನ್ಸ್ ಕಮ್ಮಿ ಇದ್ರೆ ಮನೆಗೆ ಫೋನ್ ಮಾಡೋ ಮೇಡಂ. ಸಾಕಪ್ಪ, ಇದಕ್ಕೆ ಕೊನೇನೇ ಇಲ್ಲ. ಈಗ ನನಗೆ ಬೇಕಾಗಿರೋದು ಒಂದೇ. ಅಡ್ವೈಸರ್ ಆಗೋ ಪ್ರೊಫೆಸರಿಗೆ ಮೇಲ್ ಕಳಿಸಬೇಕು. ಡ್ರಾಫ್ಟ್ ನೋಡಿ. 'ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದ ಅಬೌವ್ ಸಬ್ಜೆಕ್ಟ್...'

– ಇದು ರಜಾ ಅರ್ಜಿ. ರೆಸ್ಪೆಕ್ಟೆಡ್ ತೆಗಿ. ಅಬೌವ್ ಸಬ್ಜೆಕ್ಟ್ ತೆಗಿ. 'ಡೂ ದ ನೀಡ್‌ಫುಲ್' ಕೆಳಗೆಲ್ಲೋ ಇರಬೇಕು, ಅದನ್ನೂ ತೆಗಿ.

– ಇದೆ. ತೆಗೆದೆ. ಅವರನ್ನ ಏನಂತ ಕರೀಲಿ? ಅವರ ಇಮೇಲಿನ ಕೊನೆಗೆ ಬರೀ ಮೊದಲ ಹೆಸರು ಹಾಕಿದ್ದಾರೆ. ಹಾಗೇ ಕರೀಬಹುದು ಅಂತೆ. ನನ್ನ ಕೈಲಿ ಆಗಲ್ಲ ದೊಡ್ಡಪ್ಪ, ನಮ್ಮಪ್ಪನ ವಯಸ್ಸಿನವರು.

– ಡಿಯರ್ ಪ್ರೊಫೆಸರ್ ಅಂತ ಬರೆದು ಮನೆತನದ ಹೆಸರು ಹಾಕು. ಅಮೆರಿಕದಲ್ಲಿ ಕಾಲೇಜಿನಲ್ಲಿ ಪಾಠ ಮಾಡೋರನ್ನೆಲ್ಲ ಪ್ರೊಫೆಸರ್ ಅನ್ನಬಹುದು. ಇಂಗ್ಲೆಂಡಿನಲ್ಲಾದರೆ ಆ ಹುದ್ದೆ ಇದ್ದವರಿಗೆ ಮಾತ್ರ, ನಿನ್ನ ಗೆಳತಿಗೆ ಹೇಳು. ಮೊದಲ ಹೆಸರು ಬಾಯಿಗೆ ಬಂದಾಗ ಬರಲಿ. ಈಗ ವಿಷಯ ಮೊದಲ ಸಾಲಿಗೇ ತಾ. ಏನು ಕೇಳ್ತಿದ್ದೀಯ ಅವರನ್ನ?

– ಅವರು ಪ್ರಕಟಿಸಿರೋ ಒಂದು ಪೇಪರ್ ಓದಿದೆ. ಮೂರನೇ ಭಾಗದಲ್ಲಿ ಒಂದು ಅಸಂಪ್ಷನ್ ಇಟ್ಟುಕೊಂಡಿದ್ದಾರೆ. ಎರಡು ಸಲ ಲೆಕ್ಕ ಮಾಡಿ ನೋಡಿದೆ. ಅದು ನಿಲ್ಲಲ್ಲ ಅಂತ ನನಗೆ ಅನ್ನಿಸ್ತಿದೆ.

– ಹಾಗೋ. ಹಾಗಿದ್ರೆ ಅದು ಡೌಟೇ ಕಣೇ. ಡೌಟ್ ಅಂತಲೇ ಬರಿ.